ಇರುವೆಯ ಎತ್ತರಕ್ಕೆ ಇಳಿಯುವ ಕ್ಯಾಮೆರಾ

ಹೊಸದಾಗಿ ಕ್ಯಾಮೆರಾ ಕೊಂಡವರ ಕನಸಿನಲ್ಲಿ ಮೊದಲು ಬರುವುದು ಹುಲಿ. ವಾರಾಂತ್ಯಕ್ಕೆ ಬಂಡೀಪುರವನ್ನೋ ಕಬಿನಿಯನ್ನೋ ಸೇರಿ, ಸಫಾರಿ ವಾಹನದಲ್ಲಿ ಹತ್ತಾರು ಮಂದಿಯ ನಡುವೆ ಕುಳಿತು, ತೋಳುದ್ದದ ಲೆನ್ಸ್ ಹಿಡಿದು ಕಾಯ್ದು, ಕೊನೆಗೆ ಚುಕ್ಕೆಜಿಂಕೆಯ ಚಿತ್ರದೊಂದಿಗೆ ಮರಳುವುದು ಈಗ ನಗರವಾಸಿಗಳ ಪರಿಚಿತ ವಿಧಿಯಾಗಿದೆ. ಅದೇ ಹೊತ್ತಿಗೆ ಅವರದೇ ಹಿತ್ತಲಿನ ನಿಂಬೆಗಿಡದ ಎಲೆಯೊಂದರ ಮೇಲೆ, ಹಕ್ಕಿಯ ಹಿಕ್ಕೆಯಂತೆ ವೇಷ ಹಾಕಿಕೊಂಡ ಜೀವಿಯೊಂದು ಎಲ್ಲರ ಕಣ್ಣು ತಪ್ಪಿಸಿ ಮಲಗಿರುತ್ತದೆ. ಅದನ್ನು ನೋಡಲು ಅರಣ್ಯ ಇಲಾಖೆಯ ರಸೀದಿ ಬೇಡ, ಜೀಪು ಬೇಡ, ಮುಂಜಾನೆ ನಾಲ್ಕಕ್ಕೆ ಏಳಬೇಕಾದ ಪ್ರಮೇಯವೂ ಇಲ್ಲ. ನೆಲಕ್ಕೆ ಮಂಡಿಯೂರಲು ಸಂಕೋಚವಿಲ್ಲದಿದ್ದರೆ ಆಯಿತು.

ಕರ್ನಾಟಕಕ್ಕೆ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಪರಂಪರೆಯೇ ಇದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಮುಂತಾದವರ ಹೆಸರು ಈ ಕ್ಷೇತ್ರದವರಿಗೆ ಸುಪರಿಚಿತ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದದ್ದು ಕನ್ನಡ ಓದುಗರಿಗೆಲ್ಲ ಗೊತ್ತು. ಆದರೂ ನಮ್ಮ ಸಾಮಾನ್ಯ ಕಲ್ಪನೆಯಲ್ಲಿ ವನ್ಯಜೀವಿ ಎಂದರೆ ಗರ್ಜಿಸುವುದು ಅಥವಾ ಹಾಡುವುದು. ತೆವಳುವುದೂ ಗುಂಯ್‌ಗುಡುವುದೂ ಆ ಪಟ್ಟಿಗೆ ಸೇರುವುದು ವಿರಳ. ಕೀಟವೆಂಬ ಶಬ್ದ ಪತ್ರಿಕೆಯ ಕೃಷಿ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ, ಅದೂ ‘ಬಾಧೆ’ ಎಂಬ ಬಾಲ ಹಚ್ಚಿಕೊಂಡು.

ಈ ಪರಿಸ್ಥಿತಿ ಬದಲಾದದ್ದು ಡಿಜಿಟಲ್ ಕ್ಯಾಮೆರಾಗಳು ಕೈಗೆಟುಕಿದ ಮೇಲೆ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಅಲುಗಾಡುವ ಮಿಡತೆಗಾಗಿ ಅವನ್ನೆಲ್ಲ ವ್ಯಯಿಸುವ ಧೈರ್ಯ ಎಷ್ಟು ಜನಕ್ಕೆ ಇದ್ದೀತು? ಈಗ ನೂರು ಚಿತ್ರ ತೆಗೆದು ತೊಂಬತ್ತೊಂಬತ್ತನ್ನು ಅಳಿಸಿದರೂ ಕಳೆದುಕೊಳ್ಳುವುದೇನಿಲ್ಲ. 2021ರಲ್ಲಿ ಬಂದ ಐಫೋನ್ 13 ಪ್ರೊ ಎರಡು ಸೆಂಟಿಮೀಟರ್ ಸಮೀಪದಿಂದ ಚಿತ್ರ ತೆಗೆಯುವ ಸೌಲಭ್ಯ ಒದಗಿಸಿತು. ‘ಮ್ಯಾಕ್ರೋ’ ಎಂಬ ಪದ ಈಗ ಮನೆಮಾತು. ಹಾಗಾಗಿ ಈ ಹವ್ಯಾಸಕ್ಕೆ ಇಳಿಯಬಯಸುವವರು ಮೊದಲು ಕೇಳುವ ಪ್ರಶ್ನೆ, ‘ಯಾವ ಲೆನ್ಸ್ ಕೊಳ್ಳಲಿ?’ ಎಂಬುದು. ಈ ಪ್ರಶ್ನೆಗೆ ಉತ್ತರವಿದೆ. ಆದರೆ ಅದು ಎರಡನೆಯ ಪ್ರಶ್ನೆಯಾಗಬೇಕಿತ್ತು. ಚಿಕ್ಕದನ್ನು ಹಿಗ್ಗಿಸಿ ತೋರಿಸುವ ಗಾಜು ಅಂಗಡಿಯಲ್ಲಿ ಸಿಗುತ್ತದೆ. ಹತ್ತಿರ ಹೋದಾಗಲೂ ಆ ಜೀವಿ ತನ್ನ ಕೆಲಸವನ್ನು ಬಿಡದೆ ಮುಂದುವರಿಸುವಂತೆ ಹೋಗುವ ವಿದ್ಯೆ ಸಿಗುವುದಿಲ್ಲ.

ಗಾಜಿನ ಮಾತನ್ನು ಮೊದಲು ಮುಗಿಸೋಣ. ಮ್ಯಾಕ್ರೋ ಎಂಬುದಕ್ಕೆ ಶಾಸ್ತ್ರೀಯವಾದ ಒಂದು ಅಳತೆಯಿದೆ. ಒಂದು ಸೆಂಟಿಮೀಟರ್ ಉದ್ದದ ಜೇನ್ನೊಣದ ಬಿಂಬ ಕ್ಯಾಮೆರಾದೊಳಗಿನ ಸೆನ್ಸರ್‌ನ ಮೇಲೂ ಒಂದು ಸೆಂಟಿಮೀಟರ್ ಉದ್ದಕ್ಕೇ ಮೂಡಿದರೆ ಅದು 1:1 ಪ್ರಮಾಣ. ಪೂರ್ಣಗಾತ್ರದ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ ಇರುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಅಂಚೆಚೀಟಿಯಷ್ಟು ಜಗತ್ತು ಇಡೀ ಚಿತ್ರವನ್ನು ತುಂಬಿಕೊಳ್ಳುತ್ತದೆ. ಮ್ಯಾಕ್ರೋ ಲೆನ್ಸ್‌ಗಳು ಹುಟ್ಟಿದ್ದು ಚಿಟ್ಟೆಗಳಿಗಾಗಿ ಮಾತ್ರ ಅಲ್ಲ ಎಂಬುದು ಸ್ವಾರಸ್ಯದ ಸಂಗತಿ. ನಿಕಾನ್ ಕಂಪನಿ 1956ರಲ್ಲಿ ತನ್ನ ಮೊದಲ ‘ಮೈಕ್ರೋ’ ಲೆನ್ಸ್ ತಯಾರಿಸಿದ್ದು ಕಾಗದಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಕೆಲಸಕ್ಕೆ. ಗೆರೆಗಳು ಒತ್ತೊತ್ತಾಗಿರುವ ಜಪಾನಿ ಲಿಪಿಯ ಅಕ್ಷರಗಳು ಅಂಚಿನಿಂದ ಅಂಚಿಗೆ ಸ್ಫುಟವಾಗಿ ಮೂಡಬೇಕಿತ್ತು. ಆ ಗುಣ ಇಂದಿನ ಮ್ಯಾಕ್ರೋ ಲೆನ್ಸ್‌ಗಳಲ್ಲೂ ಉಳಿದಿದೆ. ರೆಕ್ಕೆ ಮುಚ್ಚಿ ಕುಳಿತ ಚಿಟ್ಟೆಯನ್ನು ಒಂದು ಹಾಳೆಯೆಂದು ಭಾವಿಸಿ, ಕ್ಯಾಮೆರಾದ ಬೆನ್ನನ್ನು ಆ ಹಾಳೆಗೆ ಸಮಾಂತರವಾಗಿ ಹಿಡಿದರೆ, ಮೀಸೆಯಿಂದ ರೆಕ್ಕೆಯ ತುದಿಯವರೆಗೆ ಎಲ್ಲವೂ ಸ್ಪಷ್ಟವಾಗಿ ಸಿಗುತ್ತದೆ.

ದುಬಾರಿ ಲೆನ್ಸ್ ಇಲ್ಲದವರಿಗೂ ದಾರಿಗಳಿವೆ. ಕ್ಯಾಮೆರಾ ಮತ್ತು ಲೆನ್ಸ್‌ನ ನಡುವೆ ಕೂರಿಸುವ ‘ಎಕ್ಸ್‌ಟೆನ್ಷನ್ ಟ್ಯೂಬ್’ ಎಂಬ ಟೊಳ್ಳು ಕೊಳವೆಯಲ್ಲಿ ಗಾಜೇ ಇರುವುದಿಲ್ಲ. ಅದು ಲೆನ್ಸನ್ನು ಸೆನ್ಸರ್‌ನಿಂದ ದೂರ ಒಯ್ಯುತ್ತದೆ, ಅಷ್ಟೆ. 50 ಮಿಲಿಮೀಟರ್‌ನ ಸಾಮಾನ್ಯ ಲೆನ್ಸ್‌ಗೆ 25 ಮಿಲಿಮೀಟರ್ ಕೊಳವೆ ಸೇರಿಸಿದರೆ ಬಿಂಬ ವಸ್ತುವಿನ ಅರ್ಧ ಗಾತ್ರಕ್ಕೆ ಬರುತ್ತದೆ. 50 ಮಿಲಿಮೀಟರ್ ಸೇರಿಸಿದರೆ 1:1. ಲೆನ್ಸಿನ ಮುಂದೆ ಭೂತಗನ್ನಡಿಯಂತೆ ತಿರುಗಿಸಿ ಕೂರಿಸುವ ಪೂರಕ ಮಸೂರಗಳೂ ಉಂಟು. ರೇನಾಕ್ಸ್ ಕಂಪನಿಯ ಪುಟ್ಟ ಮಸೂರ ಹವ್ಯಾಸಿಗಳಲ್ಲಿ ಬಹಳ ಜನಪ್ರಿಯ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಕೆಲವು ನೂರು ರೂಪಾಯಿಯ ಉಂಗುರವೊಂದನ್ನು ಬಳಸಿ ಹಳೆಯ ಲೆನ್ಸನ್ನು ಹಿಂದುಮುಂದಾಗಿ ಜೋಡಿಸುವುದು. ಹೀಗೆ ಜೋಡಿಸಿದಾಗ ಆಧುನಿಕ ಲೆನ್ಸ್‌ಗಳ ಅಪರ್ಚರ್ ಕ್ಯಾಮೆರಾದ ಹಿಡಿತಕ್ಕೆ ಸಿಗದು. ಆದ್ದರಿಂದ ಅಪರ್ಚರ್ ಉಂಗುರವುಳ್ಳ ಹಳೆಯ ಲೆನ್ಸ್ ಮನೆಯ ಬೀರುವಿನಲ್ಲಿದ್ದರೆ ಅದನ್ನು ಹೊರತೆಗೆಯಲು ಇದೇ ಸಕಾಲ.

ಇನ್ನು ಹೊಸಬರ ಉತ್ಸಾಹವನ್ನು ಮೊದಲ ದಿನವೇ ಕುಗ್ಗಿಸುವ ಸಂಗತಿ. ಹತ್ತಿರ ಹೋದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತ ಹೋಗುತ್ತದೆ. 1:1 ಪ್ರಮಾಣದಲ್ಲಿ, ಅಪರ್ಚರ್ ಎಫ್ 8ರಲ್ಲಿದ್ದರೆ ಆ ಪದರದ ದಪ್ಪ ಸುಮಾರು ಒಂದು ಮಿಲಿಮೀಟರ್. ನೊಣದ ಕಣ್ಣು ಸ್ಫುಟವಾದರೆ ಅದರ ಬೆನ್ನು ಮಸುಕು. ಅಪರ್ಚರನ್ನು ಎಫ್ 16ಕ್ಕೆ ಕಿರಿದುಗೊಳಿಸಿದರೆ ಎರಡು ಮಿಲಿಮೀಟರ್ ಸಿಕ್ಕೀತು; ಅದರಾಚೆಗೆ ಕಿರಿದುಗೊಳಿಸುತ್ತ ಹೋದರೆ ಕಿಂಡಿಯ ಅಂಚಿನಲ್ಲಿ ಬೆಳಕೇ ಬಾಗಿ ಹರಡಿಕೊಂಡು ಇಡೀ ಚಿತ್ರ ಮಂಕಾಗುತ್ತದೆ. ಇದು ಲೆನ್ಸಿನ ದೋಷವಲ್ಲ, ಭೌತಶಾಸ್ತ್ರದ ನಿಯಮ. ಎಷ್ಟು ಹಣ ಸುರಿದರೂ ಬದಲಾಗದು. ಬೇರೆ ಬೇರೆ ಪದರಗಳಿಗೆ ಫೋಕಸ್ ಮಾಡಿದ ಹತ್ತಾರು ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಒಂದಾಗಿ ಹೆಣೆಯುವ ತಂತ್ರಾಂಶಗಳು ಬಂದಿವೆ. ಗಾಳಿಯಾಡದ ಕೋಣೆಯ ಹೂವಿಗೆ ಅದು ಸೊಗಸು. ನಡೆಯುತ್ತಿರುವ ಇರುವೆಗೆ ಪ್ರಯೋಜನವಿಲ್ಲ.

ಹೀಗಿರುವಾಗ ಕ್ಯಾಮೆರಾದ ಸ್ವಯಂಚಾಲಿತ ಫೋಕಸ್ ಹೆಚ್ಚು ನೆರವಿಗೆ ಬಾರದು. ಅನುಭವಿಗಳು ಫೋಕಸನ್ನು ಬೇಕಾದ ದೂರಕ್ಕೆ ಸ್ಥಿರವಾಗಿಟ್ಟು, ಜಪಕ್ಕೆ ಕುಳಿತವರಂತೆ ದೇಹವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತ, ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಗುಂಡಿ ಒತ್ತುತ್ತಾರೆ. ಉಸಿರು ಬಿಟ್ಟ ಮೇಲಿನ ಅರೆಗಳಿಗೆಯಲ್ಲಿ ಕೈ ಹೆಚ್ಚು ಸ್ಥಿರ. ಟ್ರೈಪಾಡ್ ಹೂವಿಗೆ ಸರಿ. ಆದರೆ ಹೂವನ್ನು ತೂಗುವ ಗಾಳಿಯನ್ನು ಅದು ನಿಲ್ಲಿಸದು. ಪಕ್ಕದಲ್ಲೊಂದು ಕಡ್ಡಿ ನೆಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತೊಟ್ಟನ್ನು ಮೆಲ್ಲಗೆ ಅದಕ್ಕೆ ಆತುಕೊಳ್ಳುವಂತೆ ಮಾಡಿದರೆ ಮುಕ್ಕಾಲು ಪಾಲು ತೊಂದರೆ ತೀರುತ್ತದೆ. ಬೆಳಕಿಗೆ ಸಾಧಾರಣ ಫ್ಲ್ಯಾಷ್ ಸಾಕು, ಅದರ ಮುಂದೆ ಬೆಣ್ಣೆಕಾಗದವನ್ನೋ ಬಿಳಿಯ ಪ್ಲಾಸ್ಟಿಕ್ ಡಬ್ಬದ ಮುಚ್ಚಳವನ್ನೋ ಅಡ್ಡಹಿಡಿದರೆ. ಬರಿಯ ಫ್ಲ್ಯಾಷ್ ಜೀರುಂಡೆಯ ಬೆನ್ನಿನ ಮೇಲೆ ಬಿದ್ದರೆ ಟ್ಯೂಬ್‌ಲೈಟ್ ಹೊಳೆದಂತೆ ಕಾಣುತ್ತದೆ. ಹಾಳೆಯ ಮೂಲಕ ಹಾಯ್ದ ಬೆಳಕಿನಲ್ಲಿ ಅದೇ ಬೆನ್ನಿನ ಹಸಿರು, ತಾಮ್ರ, ನೇರಳೆಗಳೆಲ್ಲ ಹೊರಬರುತ್ತವೆ.

ಇಷ್ಟು ಸಲಕರಣೆಯ ಮಾತು. ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದು ಹೆಚ್ಚಿನ ಮಾತು.

ಬಹಳ ಮಂದಿ ಹಾರುವ ಚಿಟ್ಟೆಯ ಹಿಂದೆ ಓಡುವುದರಿಂದ ಆರಂಭಿಸುತ್ತಾರೆ, ಎರಡು ವಾರದಲ್ಲಿ ಕೈಬಿಡುತ್ತಾರೆ. ನನ್ನ ಸಲಹೆ ಇಷ್ಟೆ: ಓಡಿಹೋಗಲಾರದವರಿಂದ ಆರಂಭಿಸಿ. ನಿಂಬೆ ಅಥವಾ ಕರಿಬೇವಿನ ಗಿಡವೊಂದಿದ್ದರೆ ಅದರ ಎಳೆಯ ಚಿಗುರನ್ನು ಪರೀಕ್ಷಿಸಿ. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ, ತಿಳಿಹಳದಿಯ ಮುತ್ತಿನಂತಹ ಮೊಟ್ಟೆ ಕಂಡರೆ ಅದು ನಿಂಬೆ ಚಿಟ್ಟೆಯದೋ ಅದರ ಬಳಗದ ಮತ್ತೊಂದು ಚಿಟ್ಟೆಯದೋ ಇರಬೇಕು. ಅದರಿಂದ ಹೊರಬರುವ ಮರಿಹುಳು ಮೊದಲ ದಿನಗಳಲ್ಲಿ ಕಂದು-ಬಿಳಿ ಬಣ್ಣದ ಹಿಕ್ಕೆಯಂತೆಯೇ ಇರುತ್ತದೆ. ಯಾವ ಹಕ್ಕಿ ಹಿಕ್ಕೆಯನ್ನು ತಿಂದೀತು? ಬೆಳೆದು ದೊಡ್ಡದಾಗಿ ಆ ವೇಷ ಹೊಂದದಂತಾದಾಗ ಪೊರೆ ಕಳಚಿ ಎಲೆಹಸಿರಿಗೆ ತಿರುಗುತ್ತದೆ. ಆಗಲೂ ಯಾರಾದರೂ ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬೊಂದನ್ನು ಹೊರಚಾಚಿ ಗಾಟು ವಾಸನೆ ಬೀರುತ್ತದೆ. ಬಳಿಕ ಒಂದು ದಿನ ತಿನ್ನುವುದನ್ನು ಬಿಟ್ಟು, ಕಡ್ಡಿಯೊಂದಕ್ಕೆ ಬಾಲ ಅಂಟಿಸಿ, ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಸೊಂಟಕ್ಕೆ ಬಿಗಿದುಕೊಳ್ಳುವ ಪಟ್ಟಿಯಂತೆ ರೇಷ್ಮೆಯ ಒಂದು ಎಳೆಯನ್ನು ಸುತ್ತಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ಈ ಒಂದು ತಿಂಗಳ ಕಾಲ ದಿನಕ್ಕೆ ಹತ್ತು ನಿಮಿಷ ಅದರ ಮುಂದೆ ಕಳೆದವರಿಗೆ ಫೋಕಸ್, ಬೆಳಕು, ಕೈಹಿಡಿತ ಎಲ್ಲವೂ ಕೇಳದೆಯೇ ಬಂದಿರುತ್ತವೆ. ಕೊನೆಯ ಬೆಳಿಗ್ಗೆ ಕೋಶ ಒಡೆದು ಹೊರಬರುವ ಚಿಟ್ಟೆಯ ರೆಕ್ಕೆಗಳು ಒದ್ದೆಬಟ್ಟೆಯಂತೆ ಮುದುಡಿರುತ್ತವೆ. ದೇಹದ ದ್ರವವನ್ನು ನರಗಳಿಗೆ ಒತ್ತಿ ಅವನ್ನು ಬಿಡಿಸಿಕೊಳ್ಳುವವರೆಗೆ ಅದನ್ನು ಮುಟ್ಟಕೂಡದು, ಕಡ್ಡಿಯನ್ನು ಅಲುಗಿಸಲೂ ಕೂಡದು. ಆಗ ಕೆಳಗೆ ಬಿದ್ದ ಚಿಟ್ಟೆಯ ರೆಕ್ಕೆ ಸೊಟ್ಟಗೇ ಒಣಗುತ್ತದೆ, ಆ ಚಿಟ್ಟೆ ಮತ್ತೆ ಹಾರುವುದಿಲ್ಲ.

ಎಕ್ಕದ ಗಿಡವೂ ಇಂತಹದೇ ಒಂದು ಪಾಠಶಾಲೆ. ಖಾಲಿ ನಿವೇಶನ, ರೈಲುಹಳಿಯ ಬದಿ, ಗುಡಿಯ ಹಿಂಭಾಗ, ಎಲ್ಲೆಂದರಲ್ಲಿ ಬೆಳೆಯುವ ಈ ಗಿಡದ ಹಾಲಿನಲ್ಲಿ ವಿಷವಿದೆ. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಕಂಬಳಿಹುಳು ಅದನ್ನೇ ತಿಂದು, ವಿಷವನ್ನು ಮೈಯಲ್ಲಿ ತುಂಬಿಕೊಂಡು, ಮುಂದೆ ಕಿತ್ತಳೆ ಬಣ್ಣದ ‘ಪ್ಲೇನ್ ಟೈಗರ್’ ಚಿಟ್ಟೆಯಾಗುತ್ತದೆ. ನಿಂಬೆಯ ಹುಳು ಅಡಗಿಕೊಂಡರೆ ಎಕ್ಕದ ಹುಳು ಮೆರೆಯುತ್ತದೆ. ಆ ಬಣ್ಣಗಳು ಹಕ್ಕಿಗಳಿಗೆ ಎಚ್ಚರಿಕೆಯ ಫಲಕ. ಈ ಚಿಟ್ಟೆ ಹಾರುವುದೂ ನಿಧಾನ. ಅವಸರವೇನು, ಯಾರೂ ತಿನ್ನುವುದಿಲ್ಲವಲ್ಲ! ಹೊಸಬರಿಗೆ ಇದಕ್ಕಿಂತ ಸಹನಶೀಲ ರೂಪದರ್ಶಿ ಸಿಗದು.

ಓಡಿಹೋಗದವರ ಪಟ್ಟಿಯಲ್ಲಿ ಮಲಗಿದವರೂ ಸೇರುತ್ತಾರೆ. ಬೆಂಗಳೂರಿನ ಎಷ್ಟೋ ತೋಟಗಳಿಗೆ ಬರುವ ನೀಲಿಪಟ್ಟೆಯ ಜೇನ್ನೊಣಕ್ಕೆ ಗೂಡಿನ ಸಂಸಾರವಿಲ್ಲ, ಅದು ಒಂಟಿ. ಹೆಣ್ಣು ಮಣ್ಣಿನ ಬಿಲದಲ್ಲಿ ರಾತ್ರಿ ಕಳೆಯುತ್ತದೆ. ಗಂಡುಗಳು ಮುಸ್ಸಂಜೆಗೆ ಒಣಕಡ್ಡಿಯೊಂದನ್ನು ಸಾಲಾಗಿ ಹಿಡಿದು, ಬಾಯಿಯ ಇಕ್ಕುಳದಿಂದಲೇ ಅದನ್ನು ಕಚ್ಚಿಕೊಂಡು ನಿದ್ರಿಸುತ್ತವೆ. ಮರುದಿನ ಸಂಜೆ ಅದೇ ಕಡ್ಡಿಗೆ ಮರಳುವುದೂ ಉಂಟು. ಹಗಲಿನಲ್ಲಿ ಒಂದು ಕ್ಷಣ ನಿಲ್ಲದ ಈ ನೊಣದ ಹೊಟ್ಟೆಯ ಮೇಲಿನ ಹೊಳೆವ ನೀಲಿ ಪಟ್ಟೆಗಳನ್ನು, ಸೂರ್ಯ ಹುಟ್ಟುವ ಮುನ್ನ ಹೋದರೆ, ಹತ್ತು ಬಾರಿ ಫೋಕಸ್ ತಿದ್ದಿಕೊಂಡು ಚಿತ್ರಿಸಬಹುದು. ಕೀಟಗಳ ಮೈ ತಮ್ಮ ಸುತ್ತಲಿನ ಬಿಸಿಯನ್ನೇ ನೆಚ್ಚಿಕೊಂಡಿರುವುದರಿಂದ, ಬಿಸಿಲೇರುವ ತನಕ ಅವು ಜಡ. ಮಳೆಗಾಲ ಮುಗಿದು ಹೂವೂ ಇಬ್ಬನಿಯೂ ಒಟ್ಟಿಗಿರುವ ಅಕ್ಟೋಬರ್-ನವೆಂಬರ್‌ನ ಮುಂಜಾವುಗಳು ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಬಿಸಿಲೇರಿದ ಮೇಲೆ ಎಚ್ಚರಗೊಂಡ ಕೀಟದ ಹತ್ತಿರ ಹೋಗುವಾಗ ನೆನಪಿಡಬೇಕಾದದ್ದು, ಅದು ಚಲನೆಯನ್ನು ನಮಗಿಂತ ಚುರುಕಾಗಿ ಗುರುತಿಸುತ್ತದೆ ಎಂಬುದು. ನೆರಳು ಅದರ ಮೇಲೆ ಬೀಳಬಾರದು, ಗಿಡ ಅಲುಗಬಾರದು, ಕೈ ಮೇಲಿನಿಂದ ಎರಗಬಾರದು. 100 ಮಿಲಿಮೀಟರ್‌ನ ಮ್ಯಾಕ್ರೋ ಲೆನ್ಸ್ 1:1 ಪ್ರಮಾಣದಲ್ಲೂ ಕೀಟಕ್ಕೂ ಗಾಜಿಗೂ ನಡುವೆ ಒಂದು ಗೇಣಿಗೆ ತುಸು ಕಡಿಮೆ ಜಾಗ ಬಿಡುತ್ತದೆ. ಮೊಬೈಲು ಎರಡೇ ಸೆಂಟಿಮೀಟರ್ ಬಿಡುತ್ತದೆ. ಮೊಬೈಲಿನಿಂದ ಮೊದಲ ಪಾಠ ಕಲಿಯುವವರು ಹೂವಿಗೂ ಮಲಗಿದ ಕೀಟಕ್ಕೂ ತೃಪ್ತರಾಗುವುದು ಜಾಣತನ.

ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆಯನ್ನು ಬಲ್ಲವರು ಇನ್ನೊಂದು ಆಟ ಆಡಬಹುದು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪು ಇರುವೆಗಳ ಸಾಲಿನ ಬಳಿ ನಿಂತು ಒಂದೊಂದರ ಕಾಲು ಎಣಿಸಬೇಕು. ಎಲ್ಲೋ ಒಂದಕ್ಕೆ ಎಂಟು ಕಾಲು. ಅದು ಇರುವೆಯಲ್ಲ, ಜೇಡ. ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತ ಇರುವೆಯಾಗಿ ನಟಿಸುತ್ತಿದೆ. ಅದರ ಗಂಡಿನ ದವಡೆಯಂತೂ ಎಷ್ಟು ಉದ್ದವೆಂದರೆ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ತೋರುತ್ತದೆ. ಬರಿಗಣ್ಣಿಗೆ ಮೋಸ ಮಾಡುವ ಈ ವೇಷ ಮ್ಯಾಕ್ರೋ ಚಿತ್ರದ ಮುಂದೆ ನಿಲ್ಲದು. ತಲೆಯ ಮುಂಭಾಗದ ಎರಡು ದುಂಡು ದೀಪಗಳಂತಹ ಕಣ್ಣುಗಳು ಜಿಗಿಯುವ ಜೇಡದ ಕುಲವನ್ನು ಹೇಳಿಬಿಡುತ್ತವೆ. ಚಗಳಿ ಕಚ್ಚುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೂವಿನ ವಿಷಯಕ್ಕೆ ಬಂದರೆ, ಬರ್ಲಿನ್ನಿನ ಕಲಾಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ಅವರನ್ನು ನೆನೆಯದೆ ಇರಲಾಗದು. ಸ್ವತಃ ತಯಾರಿಸಿಕೊಂಡ ಕ್ಯಾಮೆರಾಗಳಿಂದ ಅವರು ಮೊಗ್ಗು, ಬೀಜಕೋಶ, ಬಳ್ಳಿಯ ಕುಡಿಗಳನ್ನು ಅನೇಕ ಪಟ್ಟು ಹಿಗ್ಗಿಸಿ ಚಿತ್ರಿಸಿದರು. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಯೂರೋಪಿನ ಕಲಾಲೋಕ ಬೆರಗಾಯಿತು. ಅವರು ಆರಿಸಿಕೊಂಡದ್ದರಲ್ಲಿ ಬಹುಪಾಲು ಬೀದಿಬದಿಯ ಕಳೆಗಳು. ನಮ್ಮ ಪಾದಚಾರಿ ಮಾರ್ಗದ ಬಿರುಕುಗಳಲ್ಲಿ ಬೆಳೆಯುವ ಟ್ರೈಡ್ಯಾಕ್ಸ್ ಎಂಬ ಕಳೆಯನ್ನೇ ನೋಡಿ. ಮಧ್ಯ ಅಮೆರಿಕದಿಂದ ಬಂದು ಇಲ್ಲೇ ನೆಲೆಸಿದ ಪರದೇಶಿ. ಹೆಬ್ಬೆರಳ ಉಗುರಿನಷ್ಟು ಅಗಲದ ಅದರ ‘ಹೂವು’ ಒಂದು ಹೂವಲ್ಲ, ಹತ್ತಾರು ಹೂಗಳ ಒಕ್ಕಲು. ಅಂಚಿನಲ್ಲಿರುವ, ಮೂರು ಹಲ್ಲಿನ ಬಿಳಿಯ ಎಸಳುಗಳಂತೆ ಕಾಣುವ ಒಂದೊಂದೂ ಒಂದು ಹೂ. ನಡುವಿನ ಹಳದಿ ದಿಂಡಿನಲ್ಲಿ ಒತ್ತಾಗಿರುವ ಒಂದೊಂದು ಕೊಳವೆಯೂ ಒಂದು ಹೂ. ಚಿಕ್ಕ ಚಿಟ್ಟೆಯೊಂದು ಕೊಳವೆಯಿಂದ ಕೊಳವೆಗೆ ನಳಿಕೆ ಇಳಿಸುತ್ತ ಲೆಕ್ಕ ತಪ್ಪದೆ ಮುಂದುವರಿಯುವುದನ್ನು ಚಿತ್ರದಲ್ಲಿ ಕಂಡ ಮೇಲೆ ಆ ಕಳೆಯನ್ನು ತುಳಿದು ನಡೆಯಲು ಮನಸ್ಸು ಬಾರದು. ಬದನೆಯ ಹೂವಿನಲ್ಲಿ ಇನ್ನೊಂದು ಸೋಜಿಗ. ಅದರ ಕೇಸರಗಳು ಉದ್ದಕ್ಕೆ ಸೀಳಿಕೊಳ್ಳುವುದಿಲ್ಲ. ಮೆಣಸಿನಪುಡಿಯ ಡಬ್ಬಿಯಂತೆ ತುದಿಯಲ್ಲಿ ಪುಟ್ಟ ತೂತಿರುತ್ತದೆ. ನೀಲಿಪಟ್ಟೆಯ ಜೇನ್ನೊಣ ಹೂವನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ, ಆ ತೂತಿನಿಂದ ಪರಾಗವನ್ನು ಉದುರಿಸಿಕೊಳ್ಳುತ್ತದೆ. ತೋಟದಲ್ಲಿ ಗುಂಯ್ ಎನ್ನುವ ಶ್ರುತಿ ಇದ್ದಕ್ಕಿದ್ದಂತೆ ಏರಿದರೆ ಕ್ಯಾಮೆರಾ ಎತ್ತುವ ಸಮಯ ಬಂತೆಂದು ತಿಳಿಯಬೇಕು.

ಇಂತಹ ಕ್ಷಣಗಳಿಗೆ ಕಾಯುವ ವ್ಯವಧಾನವಿಲ್ಲದವರು ಹಿಡಿದ ಅಡ್ಡದಾರಿಯ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾದೀತು. ಕೀಟವನ್ನು ಹಿಡಿದು ಡಬ್ಬದಲ್ಲಿಟ್ಟು, ಫ್ರಿಜ್ಜಿನಲ್ಲಿ ಮರಗಟ್ಟಿಸಿ, ಹೂವಿನ ಮೇಲೆ ಕೂರಿಸಿ, ಪಿಚಕಾರಿಯಿಂದ ಇಬ್ಬನಿ ಎರಚಿ ಚಿತ್ರ ತೆಗೆಯುವುದು ಹೊಸ ವಿಷಯವೇನಲ್ಲ. ಎಲೆಯ ಕೊಡೆ ಹಿಡಿದ ಕಪ್ಪೆ, ಜೀರುಂಡೆಯ ಬೆನ್ನೇರಿ ಸವಾರಿ ಹೊರಟ ಕಪ್ಪೆ ಮುಂತಾದ ಚಿತ್ರಗಳು ಇಂಡೊನೇಷ್ಯಾದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದಾಗ, ಪ್ರಾಣಿಗಳ ನಡವಳಿಕೆ ಬಲ್ಲವರು ಅವುಗಳ ಸಾಚಾತನವನ್ನು ಪ್ರಶ್ನಿಸಿದರು. 2018ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತನ್ನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯ ಬಹುಮಾನಿತ ಚಿತ್ರವೊಂದನ್ನು ಅನರ್ಹಗೊಳಿಸಿತು. ಬ್ರೆಜಿಲ್‌ನಲ್ಲಿ ತೆಗೆದ ಆ ಚಿತ್ರದಲ್ಲಿ ಮಿಣುಗುವ ಹುಳುಗಳಿಂದ ದೀಪಾಲಂಕೃತವಾದ ಗೆದ್ದಲ ಹುತ್ತವಿತ್ತು, ಹುತ್ತದತ್ತ ಸಾಗುವ ಇರುವೆಬಾಕವಿತ್ತು. ಆ ಇರುವೆಬಾಕ ಹುಲ್ಲು ತುಂಬಿದ ಗೊಂಬೆಯೆಂದು ತಜ್ಞರು ತೀರ್ಮಾನಿಸಿದರು. ಛಾಯಾಗ್ರಾಹಕರು ಆಪಾದನೆಯನ್ನು ನಿರಾಕರಿಸಿದರು. ಹುಲಿಯನ್ನು ಫ್ರಿಜ್ಜಿನಲ್ಲಿಡಲಾಗದು ಎಂಬ ಕಾರಣಕ್ಕೆ ಹುಲಿಯ ಛಾಯಾಗ್ರಾಹಕರು ಪ್ರಾಮಾಣಿಕರೆಂದಲ್ಲ. ಆದರೆ ಮ್ಯಾಕ್ರೋ ಲೋಕದಲ್ಲಿ ಬಲಾತ್ಕಾರ ಬಲು ಸುಲಭ, ಸಾಕ್ಷಿಗಳಿಲ್ಲ, ದೂರು ಕೊಡುವವರೂ ಇಲ್ಲ. ‘ಸೊಳ್ಳೆಯನ್ನು ದಿನಾ ಹೊಡೆಯುತ್ತೇವಲ್ಲ’ ಎಂದು ವಾದಿಸುವವರಿದ್ದಾರೆ. ಸೊಳ್ಳೆ ಹೊಡೆದವರು ಅದರ ಚಿತ್ರಕ್ಕೆ ‘ಪ್ರಕೃತಿಯ ಅಪೂರ್ವ ಕ್ಷಣ’ ಎಂಬ ಶೀರ್ಷಿಕೆ ಕೊಡುವುದಿಲ್ಲ.

ಇಲ್ಲಿ ನಷ್ಟವಾಗುವುದು ಕೀಟಕ್ಕೆ ಮಾತ್ರವಲ್ಲ. ಯಾವ ಗಿಡದ ಮೇಲೆ, ಯಾವ ದಿನ, ಯಾವ ಊರಿನಲ್ಲಿ, ಏನು ಮಾಡುತ್ತಿತ್ತು ಎಂಬ ವಿವರವುಳ್ಳ ಚಿತ್ರ ಒಂದು ದಾಖಲೆ. 2011ರಲ್ಲಿ ಮಲೇಷ್ಯಾದ ಗೆಕ್ ಹಾಕ್ ಪಿಂಗ್ ಎಂಬ ಹವ್ಯಾಸಿ ಕೌಲಾಲಂಪುರದ ಸಮೀಪದ ಕಾಡಿನಲ್ಲಿ ಜಾಲರಿ ರೆಕ್ಕೆಯ ಹಸಿರು ಕೀಟವೊಂದರ ಚಿತ್ರ ತೆಗೆದು ಫ್ಲಿಕರ್ ತಾಣದಲ್ಲಿ ಹಾಕಿದರು. ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಅದನ್ನು ಅಕಸ್ಮಾತ್ತಾಗಿ ನೋಡಿದ ಕೀಟವಿಜ್ಞಾನಿ ಶಾನ್ ವಿಂಟರ್ಟನ್‌ಗೆ ರೆಕ್ಕೆಯ ಬುಡದ ಕಪ್ಪು-ನೀಲಿ ಗುರುತುಗಳು ಹೊಸತೆನಿಸಿದವು. ಯಾವ ಪುಸ್ತಕದಲ್ಲೂ ಆ ಕೀಟವಿರಲಿಲ್ಲ. ಚಿತ್ರವೊಂದರಿಂದಲೇ ಪ್ರಭೇದವನ್ನು ಸ್ಥಾಪಿಸಲು ಅವರು ಒಪ್ಪಲಿಲ್ಲ. ಸುಮಾರು ಒಂದು ವರ್ಷದ ಬಳಿಕ ಗೆಕ್ ಅದೇ ಜಾಗಕ್ಕೆ ಮರಳಿ ಒಂದು ಮಾದರಿಯನ್ನು ಸಂಗ್ರಹಿಸಿದರು. ಅದು ಲಂಡನ್ನಿನ ಮ್ಯೂಸಿಯಂ ತಲುಪಿತು. 2012ರಲ್ಲಿ ‘ಸೆಮಾಕ್ರೈಸ ಜೇಡ್’ ಎಂಬ ಹೆಸರಿನಲ್ಲಿ ಹೊಸ ಪ್ರಭೇದ ಘೋಷಿತವಾಯಿತು. ಜೇಡ್ ಎಂಬುದು ವಿಂಟರ್ಟನ್ ಅವರ ಮಗಳ ಹೆಸರು. ಕೊನೆಗೂ ಕೀಟವನ್ನು ಹಿಡಿಯಲೇಬೇಕಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ವಿಜ್ಞಾನಿಯ ಸೂಜಿಗೂ ಛಾಯಾಗ್ರಾಹಕನ ಫ್ರಿಜ್ಜಿಗೂ ವ್ಯತ್ಯಾಸವಿದೆ. ಸೂಜಿಯ ಕೆಳಗೆ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರಿನ ಚೀಟಿ ಇರುತ್ತದೆ. ಫ್ರಿಜ್ಜಿನಿಂದ ಹೊರಬಂದ ಚಿಟ್ಟೆ ತನ್ನದಲ್ಲದ ಹೂವಿನ ಮೇಲೆ, ತನ್ನದಲ್ಲದ ಹೊತ್ತಿನಲ್ಲಿ ಕುಳಿತು ಮುಂದೆ ನೋಡುವವರಿಗೆಲ್ಲ ಸುಳ್ಳು ಹೇಳುತ್ತದೆ.

ನಮ್ಮಲ್ಲೂ ಇಂತಹ ದಾಖಲೆಗಳಿಗೆ ವೇದಿಕೆಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ನಡೆಸುವ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ತಾಣವು ಹವ್ಯಾಸಿಗಳ ಚಿತ್ರಗಳನ್ನು ಪರಿಶೀಲಿಸಿ, ಸ್ಥಳ-ದಿನಾಂಕ ಸಹಿತ ಸೇರಿಸಿಕೊಳ್ಳುತ್ತದೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮತ್ತು ಐನ್ಯಾಚುರಲಿಸ್ಟ್‌ಗಳಲ್ಲಿ ಹೆಸರು ಗೊತ್ತಿಲ್ಲದ ಕೀಟದ ಚಿತ್ರ ಹಾಕಿದರೂ ಬಲ್ಲವರು ಗುರುತಿಸಿ ಹೇಳುತ್ತಾರೆ. 2020ರಿಂದ ಸೆಪ್ಟೆಂಬರ್ ತಿಂಗಳಲ್ಲಿ ದೇಶದಾದ್ಯಂತ ಚಿಟ್ಟೆಗಳನ್ನು ಎಣಿಸುವ ಅಭಿಯಾನವೂ ಆರಂಭವಾಗಿದೆ. ಚಿತ್ರದಲ್ಲಿ ಕೀಟ ಕುಳಿತ ಗಿಡದ ಎಲೆಯೊಂದು ಗುರುತಿಗೆ ಸಿಗುವಂತಿದ್ದರೆ ಚಿತ್ರದ ಬೆಲೆ ಇಮ್ಮಡಿಯಾಗುತ್ತದೆ. ಬರಿಯ ಕಪ್ಪು ಹಿನ್ನೆಲೆಯ ಮೋಹಕ್ಕೆ ಬಿದ್ದವರು ಇದನ್ನು ಕಳೆದುಕೊಳ್ಳುತ್ತಾರೆ. ರಕ್ಷಿತಾರಣ್ಯಗಳಲ್ಲಿ ಅನುಮತಿಯಿಲ್ಲದೆ ಅಲೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಅನೇಕ ಚಿಟ್ಟೆಗಳ ಹೆಸರೂ ಇದೆ ಎಂಬುದು ತಿಳಿದಿರಲಿ.

ಹಾಗೆ ನೋಡಿದರೆ ಈ ಹವ್ಯಾಸಕ್ಕೆ ಅರಣ್ಯ ಬೇಕಾಗಿಯೇ ಇಲ್ಲ, ನಗರದಲ್ಲಿ ಒಂದಿಷ್ಟು ಜಾಗ ಸಾಕು. ಕಷ್ಟ ಇರುವುದೇ ಅಲ್ಲಿ. ಹೊಸ ವಸತಿ ಸಮುಚ್ಚಯಗಳ ಉದ್ಯಾನಗಳು ನೋಡಲು ಹಸಿರು. ಮ್ಯಾಕ್ರೋ ಲೆನ್ಸ್ ಹಿಡಿದು ಒಂದು ಗಂಟೆ ಸುತ್ತಿದರೆ ಸಿಗುವುದು ಬೆರಳೆಣಿಕೆಯ ಜೀವಿಗಳು. ವಾರವಾರ ಕತ್ತರಿಸುವ ಹುಲ್ಲುಹಾಸಿನಲ್ಲಿ ಹೂ ಬಿಡಲು ಯಾವ ಗಿಡಕ್ಕೂ ಅವಕಾಶವಿಲ್ಲ. ಸಾಲಾಗಿ ನೆಟ್ಟ ಅಲಂಕಾರದ ಗಿಡಗಳ ಎಲೆಯನ್ನು ಇಲ್ಲಿನ ಕಂಬಳಿಹುಳುಗಳು ತಿನ್ನವು. ತಿನ್ನುವ ಒಂದೆರಡು ಗಿಡಗಳಿಗೆ ‘ಹುಳ ಬಿದ್ದಿದೆ’ ಎಂದು ಔಷಧ ಹೊಡೆಯಲಾಗುತ್ತದೆ. ಸಂಜೆಯ ಹೊತ್ತು ಸೊಳ್ಳೆ ಕೊಲ್ಲಲು ಬಿಡುವ ದಟ್ಟ ಹೊಗೆಗೆ ಸೊಳ್ಳೆಯಾವುದು, ಒಣಕಡ್ಡಿ ಕಚ್ಚಿ ಮಲಗಲು ಬಂದ ಜೇನ್ನೊಣ ಯಾವುದು ಎಂಬ ಭೇದ ತಿಳಿಯದು. ಚಿಟ್ಟೆ ಬೇಕು, ಕಂಬಳಿಹುಳು ಬೇಡ ಎನ್ನುವ ನಿವಾಸಿಗಳ ಸಂಘದ ನಿರ್ಣಯ ಪ್ರಕೃತಿಯ ಮುಂದೆ ಊರ್ಜಿತವಾಗುವಂತಹದಲ್ಲ.

ಕ್ಯಾಮೆರಾ ಹಿಡಿದವರಿಗೆ ಇಲ್ಲೊಂದು ಕೆಲಸವಿದೆ. ಅಂಗಳದ ಒಂದು ಮೂಲೆಯ ಎಕ್ಕ, ತುಂಬೆ, ಟ್ರೈಡ್ಯಾಕ್ಸ್‌ಗಳನ್ನು ನವೆಂಬರ್ ಮುಗಿಯುವವರೆಗೆ ಕೀಳದಂತೆ ಮಾಲಿಗೆ ಹೇಳಿ, ಅಲ್ಲಿ ತೆಗೆದ ಹತ್ತು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಲಿಫ್ಟಿನ ಪಕ್ಕದ ಸೂಚನಾ ಫಲಕಕ್ಕೆ ಹಚ್ಚಬಹುದು. ಸೊಳ್ಳೆಯ ಭಯ ಮುಂದೊಡ್ಡುವವರಿಗೆ ಉತ್ತರ ಸಿದ್ಧವಿದೆ: ಸೊಳ್ಳೆ ಹುಟ್ಟುವುದು ಎಕ್ಕದ ಗಿಡದಲ್ಲಲ್ಲ, ನಿಂತ ನೀರಿನಲ್ಲಿ, ಹೂಕುಂಡದ ತಟ್ಟೆಯನ್ನೂ ಮಾಳಿಗೆಯ ಟ್ಯಾಂಕಿನ ಮುಚ್ಚಳವನ್ನೂ ಮೊದಲು ನೋಡಿಬನ್ನಿ. ಆ ಮೂಲೆಯನ್ನು ಉಳಿಸಿಕೊಂಡ ಸಮುಚ್ಚಯದವರಿಗೆ ರಥಸಪ್ತಮಿಯ ಬೆಳಿಗ್ಗೆ ಸ್ನಾನಕ್ಕೆ ಎಕ್ಕದ ಎಲೆ ಹುಡುಕುತ್ತ ಬೀದಿ ಅಲೆಯುವುದೂ ತಪ್ಪುತ್ತದೆ. ಕೊಯ್ಯುವ ಮುನ್ನ ಎಲೆಯನ್ನು ತಿರುಗಿಸಿ ಅಡಿಭಾಗ ನೋಡುವುದೊಂದನ್ನು ಮರೆಯದಿದ್ದರಾಯಿತು.